ಹ್ಯಾರಿಸನ್ ಹಾಡಿನ ಎಕೋ ತೊಳೆಯೋಕೆ ಹೋಗಿದ್ದೆ

ತುಂಬಾ ವರ್ಷ ನಾನು ಒಂದೇ ಮಾತು ಹೇಳಿಕೊಂಡು ತಿರುಗಿದೆ. ಬೀಟಲ್ಸ್ ತಂಡದ ಗಿಟಾರಿಸ್ಟ್ ಆಗಿದ್ದ ಜಾರ್ಜ್ ಹ್ಯಾರಿಸನ್‌ನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಒಳ್ಳೆ ಆಲ್ಬಮ್, ಆದರೆ ಪ್ರೊಡ್ಯೂಸರ್ ಫಿಲ್ ಸ್ಪೆಕ್ಟರ್ ಅದರ ಮೇಲೆ ಬಕೆಟ್‌ಗಟ್ಟಲೆ ಎಕೋ (ಪ್ರತಿಧ್ವನಿ) ಸುರಿದು ಕೆಡಿಸಿದ. ಹೀಗೆ ಹೇಳಿದರೆ ಸಂಗೀತ ಚೆನ್ನಾಗಿ ಗೊತ್ತಿರುವವನ ಹಾಗೆ ಕಾಣಿಸುತ್ತೆ, ಅದೊಂದು ಲಾಭ. ಜೊತೆಗೆ ಹ್ಯಾರಿಸನ್ನೇ ನನ್ನ ಪಕ್ಷದಲ್ಲಿದ್ದ. 2001ರಲ್ಲಿ ಆಲ್ಬಮ್ ಹೊಸದಾಗಿ ಹೊರಬಂದಾಗ, ಕೆಲವು ಹಾಡುಗಳನ್ನು ಆ ಭಾರೀ ಪ್ರೊಡಕ್ಷನ್‌ನಿಂದ ಬಿಡಿಸಬೇಕು ಅನ್ನಿಸುತ್ತೆ ಅನ್ನುವ ಅರ್ಥದಲ್ಲಿ ಅವನೇ ಬರೆದಿದ್ದ. ಹಾಡಿದವನೇ ಹೇಳಿದ ಮೇಲೆ ಇನ್ನೇನು?

ಹಾಗಾದರೆ ಒಂದು ಕೈ ನೋಡೋಣ ಅಂತ ಹೊರಟೆ. ಹಾಡುಗಳನ್ನು ನಾನೇ ಗಿಟಾರ್‌ನಲ್ಲಿ ಬಾರಿಸಿ, ಎಕೋ ಇಲ್ಲದೆ, ಗುಂಪಿಲ್ಲದೆ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕೇಳೋದು. ನಾನು ವೃತ್ತಿಪರ ಗಾಯಕನೂ ಅಲ್ಲ, ಸ್ಟುಡಿಯೋದವನೂ ಅಲ್ಲ. ಒಂದು ಅಕೂಸ್ಟಿಕ್ ಗಿಟಾರ್, ಒಂದು ಮೈಕ್, ಸಂಜೆ ಒಂದೆರಡು ಗಂಟೆ ಬಿಡುವು, ಇಷ್ಟೇ ಬಂಡವಾಳ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಾಲ್ಕು ಜನರ ಬೀಟಲ್ಸ್‌ನಲ್ಲಿ ಹಾಡು ಬರೆಯೋರು ಅಂದರೆ ಲೆನನ್ ಮತ್ತು ಮೆಕಾರ್ಟ್ನಿ. ಹ್ಯಾರಿಸನ್‌ಗೆ ಒಂದು ಆಲ್ಬಮ್ಮಿಗೆ ಒಂದೋ ಎರಡೋ ಹಾಡು ಸಿಗುತ್ತಿತ್ತು. ವೈಟ್ ಆಲ್ಬಮ್‌ನ 30 ಹಾಡುಗಳಲ್ಲಿ ಅವನದು 4. ಹಾಗಾಗಿ ಹಾಡುಗಳು ಅವನ ಹತ್ತಿರ ರಾಶಿ ಬಿದ್ದಿದ್ದವು. 1970ರ ಏಪ್ರಿಲ್‌ನಲ್ಲಿ ತಂಡ ಮುರಿದ ಸುದ್ದಿ ಬಂತು, ಮೇ ತಿಂಗಳಿಗೆ ಇವನು ಸ್ಟುಡಿಯೋದಲ್ಲಿದ್ದ, ನವೆಂಬರ್‌ಗೆ ಮೂರು ಎಲ್‌ಪಿ ತಟ್ಟೆಗಳ ಪೆಟ್ಟಿಗೆಯೇ ಹೊರಬಂತು. ಒಟ್ಟು 23 ಟ್ರ್ಯಾಕ್. ಆಗ ಅವನಿಗೆ 27 ವರ್ಷ. ಕವರ್‌ನಲ್ಲಿ ಅವನು ತನ್ನ ಫ್ರಯರ್ ಪಾರ್ಕ್ ಮನೆಯ ಹುಲ್ಲಿನ ಮೇಲೆ ರಬ್ಬರ್ ಬೂಟು ಹಾಕಿಕೊಂಡು ಕೂತಿದ್ದಾನೆ, ಸುತ್ತ ನಾಲ್ಕು ಕುಳ್ಳರ ಗೊಂಬೆ ಬಿದ್ದುಕೊಂಡಿವೆ. ನಾಲ್ಕೇ ಯಾಕೆ ಅಂತ ಜನ ಇವತ್ತಿಗೂ ನಗುತ್ತಾರೆ.

ಮೊದಲ ವಾರ ಗಿಟಾರ್ ಮುಟ್ಟಲಿಲ್ಲ, ಬರೀ ಕೇಳಿದೆ. ಎಲ್‌ಪಿಯಲ್ಲಿ ಆರು ಮುಖ ಅಲ್ವಾ, ದಿನಕ್ಕೆ ಒಂದು ಮುಖ. ಅದಕ್ಕಿಂತ ಜಾಸ್ತಿ ಕೇಳಬಾರದು, ನಡುವೆ ಹಾಡು ಹಾರಿಸಬಾರದು. ಈ ಶಿಸ್ತು ಕಷ್ಟವಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಎರಡು ಗಂಟೆಗೆ ಸ್ವಲ್ಪ ಕಡಿಮೆ ಇರುವ ಈ ಆಲ್ಬಮ್ಮನ್ನು ನಾನು ಅಷ್ಟು ವರ್ಷದಲ್ಲಿ ಪೂರ್ತಿ ಕೇಳಿಯೇ ಇರಲಿಲ್ಲ, ಏಳೆಂಟು ಹಾಡನ್ನೇ ತಿರುಗಿಸಿ ತಿರುಗಿಸಿ ಕೇಳಿ ಇಡೀ ಆಲ್ಬಮ್ ಬಗ್ಗೆ ತೀರ್ಪು ಕೊಡುತ್ತಿದ್ದೆ ಅಂತ ಆಗ ಗೊತ್ತಾಯಿತು. ಮೂರನೇ ಎಲ್‌ಪಿ ಬರೀ ಜ್ಯಾಮ್, ಎಲ್ಲರೂ ಸೇರಿ ಮನಸ್ಸಿಗೆ ಬಂದಂತೆ ಬಾರಿಸಿದ್ದು. ಅದನ್ನು ಒಂದು ಸಲ ಕೇಳಿದೆ, ಸಾಕಾಯಿತು.

2021ರಲ್ಲಿ ಬಂದ 50ನೇ ವರ್ಷದ ಆವೃತ್ತಿ ನನಗೆ ತುಂಬಾ ಸಹಾಯ ಮಾಡಿತು. ಅದರಲ್ಲಿ ಎಕೋ ಕಡಿಮೆ ಮಾಡಿ ಪಾಲ್ ಹಿಕ್ಸ್ ಮಾಡಿದ ಹೊಸ ಮಿಕ್ಸ್ (ದನಿ, ವಾದ್ಯಗಳನ್ನು ಹೊಸದಾಗಿ ಹದ ಮಾಡಿ ಬೆರೆಸಿದ್ದು) ಇದೆ. 1970ರ ಮೇ ಕೊನೆಯಲ್ಲಿ ಹ್ಯಾರಿಸನ್ ಎರಡು ದಿನ ಕೂತು ರೆಕಾರ್ಡ್ ಮಾಡಿದ ಡೆಮೋಗಳೂ, ಅಂದರೆ ಹಾಡುಗಳ ಕಚ್ಚಾ ರೂಪಗಳೂ ಇವೆ. ಒಂದು ಹಾಡಿನ ಡೆಮೋ, ಹಳೇ ಮಿಕ್ಸ್, ಹೊಸ ಮಿಕ್ಸ್, ಈ ಮೂರನ್ನೂ ಸಾಲಾಗಿ ಕೇಳಿ, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದುಕೊಂಡು, ಆಮೇಲೆ ಗಿಟಾರ್ ಕೈಗೆ ತೆಗೆದುಕೊಳ್ಳುತ್ತಿದ್ದೆ.

ಶುರುವಿನಲ್ಲಿ ನಾನೇ ಗೆದ್ದೆ ಅಂದುಕೊಂಡೆ. ‘ಬಿವೇರ್ ಆಫ್ ಡಾರ್ಕ್‌ನೆಸ್’ ಒಂದೇ ಗಿಟಾರ್‌ನಲ್ಲಿ ಎಷ್ಟು ಚೆನ್ನಾಗಿ ನಿಲ್ಲುತ್ತೆ ಅಂದರೆ, ಡೆಮೋ ಕೇಳಿದವರು ಪೂರ್ತಿ ಹಾಡಿಗೆ ಹೋಗೋದೇ ಬೇಡ ಅಂತಾರೆ. ‘ರನ್ ಆಫ್ ದಿ ಮಿಲ್’ ಕೂಡ ಹಾಗೇ. ಆಲ್ಬಮ್ಮಿನ ಮೊದಲ ಹಾಡು ‘ಐಡ್ ಹ್ಯಾವ್ ಯೂ ಎನಿಟೈಮ್’ ಅವನು 1968ರ ಕೊನೆಯಲ್ಲಿ ಅಮೆರಿಕದ ವುಡ್‌ಸ್ಟಾಕ್‌ಗೆ ಬಾಬ್ ಡಿಲನ್ ಮನೆಗೆ ಹೋದಾಗ ಇಬ್ಬರೂ ಸೇರಿ ಬರೆದದ್ದು. ಅದರ ಶುರು ಬಾರಿಸಿದಾಗ ನನಗೆ ನಗು ಬಂತು. ಜಿ ಮೇಜರ್ ಸೆವೆನ್ ಅನ್ನುವ ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಹಿಡಿದು, ಬೆರಳುಗಳ ಆಕಾರ ಬದಲಿಸದೆ ಹಾಗೇ ಮೂರು ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಕಡ್ಡಿ) ಮೇಲಕ್ಕೆ ಜಾರಿಸಿದರೆ ಬಿ ಫ್ಲಾಟ್ ಮೇಜರ್ ಸೆವೆನ್. ಅಷ್ಟೇ. ಕಲಿಯುವ ಹುಡುಗನೂ ಮಾಡಬಹುದು. ಆದರೆ ಕೇಳುವಾಗ ಕತ್ತಲಲ್ಲಿ ಯಾರೋ ಮೆಲ್ಲಗೆ ಬಾಗಿಲು ತೆಗೆದ ಹಾಗಿರುತ್ತೆ.

ಆಮೇಲೆ ‘ಮೈ ಸ್ವೀಟ್ ಲಾರ್ಡ್’ಗೆ ಬಂದೆ. ಅಲ್ಲಿ ಸಿಕ್ಕಿಬಿದ್ದೆ.

ಹಾಡು ಬಾರಿಸೋಕೆ ಸುಲಭ. ಎರಡನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಇ ಮೈನರ್, ಎ. ಇ ಮೈನರ್, ಎ. ಮುಂದೆ ಡಿ, ಬಿ ಮೈನರ್. ಒಂದು ವಾರ ಇದನ್ನೇ ಬಾರಿಸಿದೆ. “ಅದೇ ಎರಡು ಕಾರ್ಡ್ ಇನ್ನೂ ಎಷ್ಟು ದಿನ ರೀ?” ಅಂತ ಒಳಗಿನಿಂದ ಕೇಳಿದ್ದೂ ಆಯಿತು. ರೆಕಾರ್ಡ್ ಮಾಡಿ ಕೇಳಿದರೆ ಸಪ್ಪೆ. ತಪ್ಪೇನೂ ಇಲ್ಲ, ತಾಳ ಸರಿಯಿದೆ, ಶ್ರುತಿ ಸರಿಯಿದೆ, ಆದರೂ ಶಾಲೆಯ ಪ್ರಾರ್ಥನೆಗೆ ಒಬ್ಬನೇ ಹುಡುಗ ಬಂದ ಹಾಗೆ. ಮೂಲ ಹಾಡಿನ ಶುರುವಿನಲ್ಲಿ ಬರೀ ಗಿಟಾರ್‌ಗಳೇ ಇರೋದು, ಆದರೆ ಅದು ಉಸಿರಾಡುತ್ತೆ. ನನ್ನದು ಯಾಕೆ ಉಸಿರಾಡಲ್ಲ?

ಅಲ್ಲಿ ಒಂದಲ್ಲ, ಹಲವು ಅಕೂಸ್ಟಿಕ್ ಗಿಟಾರ್‌ಗಳಿವೆ ಅಂತ ಓದಿದ್ದೆ. ಬ್ಯಾಡ್‌ಫಿಂಗರ್ ತಂಡದ ಹುಡುಗರನ್ನು ಕೂರಿಸಿ ಹ್ಯಾರಿಸನ್ ಜೊತೆ ಒಂದೇ ಸ್ಟ್ರಮ್ (ಎಲ್ಲ ತಂತಿಗಳ ಮೇಲೆ ಒಟ್ಟಿಗೆ ಕೈ ಎಳೆಯೋದು) ಬಾರಿಸೋಕೆ ಹಚ್ಚಿದ್ದರು. ನಾನು ಜಾಣತನ ಮಾಡಿದೆ. ನನ್ನ ಒಂದು ಟ್ರ್ಯಾಕನ್ನೇ ಕಾಪಿ ಮಾಡಿ ಐದು ಸಲ ಪೇಸ್ಟ್ ಮಾಡಿದೆ. ಏನಾಯಿತು ಅಂತೀರಿ? ಸದ್ದು ಜಾಸ್ತಿ ಆಯಿತು, ಅಷ್ಟೇ. ಅದೇ ಒಂಟಿ ಗಿಟಾರ್, ಈಗ ಕಿರುಚುತ್ತಿತ್ತು. ಸ್ವಲ್ಪ ಯೋಚಿಸಿದರೆ ಸಹಜವೇ. ಒಂದೇ ಅಲೆಯನ್ನು ಅದರ ಮೇಲೇ ಇಟ್ಟರೆ ಅದು ಎತ್ತರ ಆಗುತ್ತೆ, ಅಗಲ ಆಗಲ್ಲ. ಅಗಲ ಬರೋದು ವ್ಯತ್ಯಾಸದಿಂದ. ಒಬ್ಬನ ಕೈ ಕೂದಲೆಳೆಯಷ್ಟು ಮುಂದೆ, ಇನ್ನೊಬ್ಬನದು ಹಿಂದೆ. ಒಂದು ಗಿಟಾರ್ ತಂತಿ ಹೊಸದು, ಇನ್ನೊಂದರದು ಹಳೆಯದು.

ಹಾಗಾಗಿ ಎಲ್ಲ ಅಳಿಸಿ, ಮೊದಲಿನಿಂದ ಬೇರೆ ಬೇರೆಯಾಗಿ ಬಾರಿಸಿದೆ. ಎರಡನೇ ಟ್ರ್ಯಾಕ್‌ಗೆ ಸ್ವಲ್ಪ ಜೀವ ಬಂತು. ಮೂರಕ್ಕೆ ಬೆನ್ನು ನೇರವಾಗಿ ಕೂತೆ. ನಾಲ್ಕನೆಯದನ್ನು ಕೇಪೋ ತೆಗೆದು, ಒಂದೇ ಬೆರಳಿನಿಂದ ಎಲ್ಲ ತಂತಿ ಒತ್ತುವ ಬಾರ್ ಕಾರ್ಡ್ ಹಿಡಿದು, ಅದೇ ಸ್ವರಗಳನ್ನು ಬೇರೆ ಜಾಗದಲ್ಲಿ ಬಾರಿಸಿದೆ. ಅವತ್ತು ರಾತ್ರಿ ಮೊದಲ ಸಲ ಆ ಮಿನುಗು ಕೇಳಿಸಿತು, ತೆಂಗಿನ ಗರಿ ಗಾಳಿಗೆ ಅಲ್ಲಾಡಿದ ಹಾಗೆ. ಎಕೋ ಒಂದು ಹನಿಯೂ ಹಾಕಿರಲಿಲ್ಲ! ನಾನು ಇಷ್ಟು ವರ್ಷ ‘ಸ್ಪೆಕ್ಟರ್ ಎಕೋ’ ಅಂತ ಬೈಯುತ್ತಿದ್ದುದರಲ್ಲಿ ಅರ್ಧ ಎಕೋನೇ ಅಲ್ಲ, ಜನ.

ಹಾಡಿನ ಸ್ಲೈಡ್ ಗಿಟಾರ್ (ಬೆರಳಿಗೆ ಒಂದು ಕೊಳವೆ ಹಾಕಿಕೊಂಡು ತಂತಿಯ ಮೇಲೆ ಜಾರಿಸೋದು) ಬೇರೆಯೇ ಕತೆ. ಇದಕ್ಕೆ ನಾನು ಓಪನ್ ಇ ಟ್ಯೂನಿಂಗ್ ಮಾಡೋಕೆ ಹೋದೆ. ಅಂದರೆ ಗಿಟಾರ್‌ನ ಎ ತಂತಿಯನ್ನು ಬಿ ತನಕ, ಡಿ ತಂತಿಯನ್ನು ಇ ತನಕ, ಜಿ ತಂತಿಯನ್ನು ಜಿ ಶಾರ್ಪ್ ತನಕ ಏರಿಸಬೇಕು. ಹಳೇ ತಂತಿಗಳು. ಡಿ ತಂತಿ ಏರಿಸುತ್ತಾ ಇದ್ದೆ, ಇನ್ನೇನು ಬಂತು ಅನ್ನುವಾಗ ಟಪ್ ಅಂತ ತುಂಡಾಗಿ ಕೆನ್ನೆಗೆ ಬಡಿಯಿತು. ಕಣ್ಣಿಗೆ ಬೀಳಲಿಲ್ಲ, ಪುಣ್ಯ. ಆಮೇಲೆ ಬುದ್ಧಿ ಬಂತು: ಏರಿಸೋ ಬದಲು ಇಳಿಸಿದರೆ ಆಯಿತಲ್ಲ? ಎರಡೂ ಇ ತಂತಿ ಡಿಗೆ, ಬಿ ತಂತಿ ಎಗೆ, ಜಿ ತಂತಿ ಎಫ್ ಶಾರ್ಪ್‌ಗೆ ಇಳಿಸಿ ಎರಡನೇ ಫ್ರೆಟ್‌ಗೆ ಕೇಪೋ ಹಾಕಿದರೆ ಅದೇ ಓಪನ್ ಇ. ತಂತಿಗೂ ಕ್ಷೇಮ, ಕೆನ್ನೆಗೂ ಕ್ಷೇಮ.

ಸ್ಲೈಡ್‌ನಲ್ಲಿ ಬೆರಳು ಫ್ರೆಟ್‌ನ ಹಿಂದೆ ಅಲ್ಲ, ಲೋಹದ ಕಡ್ಡಿಯ ಸರಿಯಾಗಿ ಮೇಲೆ ನಿಲ್ಲಬೇಕು. ಒಂದು ಎಳ್ಳಷ್ಟು ಆಚೀಚೆ ಆದರೂ ಬೆಕ್ಕಿನ ಕೂಗು. ಹ್ಯಾರಿಸನ್ ಇದನ್ನೇ ಎರಡು ಸಲ ಬಾರಿಸಿ ಜೋಡಿ ಮಾಡಿದ್ದಾನೆ, ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ನಿಲ್ಲುತ್ತವೆ. ನನ್ನಿಂದ ಒಂದು ಸಾಲು ಮಾತ್ರ ಆಯಿತು. ಅವನು 1966ರಿಂದ ಕೆಲವು ವರ್ಷ ರವಿಶಂಕರ್ ಹತ್ತಿರ ಸಿತಾರ್ ಕಲಿತಿದ್ದ. ಆ ಸ್ಲೈಡ್ ಕೇಳಿದರೆ ಬ್ಲೂಸ್‌ಗಿಂತ ಜಾರು ಗಮಕವೇ ನನಗೆ ಜಾಸ್ತಿ ಕೇಳಿಸುತ್ತೆ. ಇದು ನನ್ನ ಕಿವಿಯ ಮಾತು, ಒಪ್ಪದಿದ್ದರೆ ಬಿಡಿ. ಅಂದ ಹಾಗೆ ಹಿಂದಿನ ಕೋರಸ್ ಗಮನಿಸಿ ಕೇಳಿ. ಹಲ್ಲೆಲೂಯಾ ಹರೇ ಕೃಷ್ಣ ಆಗೋದು ಎಲ್ಲರಿಗೂ ಗೊತ್ತು, ಆದರೆ ಕೊನೆಯ ಕಡೆಗೆ ‘ಗುರುರ್ಬ್ರಹ್ಮ ಗುರುರ್ವಿಷ್ಣು’ ಶ್ಲೋಕವೂ ಬರುತ್ತೆ. ಅಷ್ಟು ವರ್ಷ ಕೇಳಿದ ಹಾಡು, ಬಾಯಿಪಾಠ ಇರುವ ಶ್ಲೋಕ, ಆದರೂ ಹೆಡ್‌ಫೋನ್ ಹಾಕಿಕೊಳ್ಳೋ ತನಕ ನನಗೆ ಗೊತ್ತೇ ಆಗಿರಲಿಲ್ಲ. ಕವರ್‌ನಲ್ಲಿ ಆ ಕೋರಸ್‌ಗೆ ‘ಜಾರ್ಜ್ ಓಹಾರಾ-ಸ್ಮಿತ್ ಸಿಂಗರ್ಸ್’ ಅಂತ ಹೆಸರು ಹಾಕಿದ್ದಾರೆ. ಅದು ಅವನದೇ ದನಿ, ಮೇಲೆ ಮೇಲೆ ಪೇರಿಸಿದ್ದು. ಕಾಪಿ ಪೇಸ್ಟ್ ಅಲ್ಲ, ಪ್ರತಿ ಸಲ ಹಾಡಿದ್ದು.

ಕೋರ್ಟ್ ಕೇಸಿನ ವಿಷಯವನ್ನೂ ಬಾರಿಸಿಯೇ ನೋಡಿದೆ. ಈ ಹಾಡು 1963ರ ಶಿಫಾನ್ಸ್ ತಂಡದ ‘ಹೀಸ್ ಸೋ ಫೈನ್’ನ ನಕಲು ಅಂತ ಕೇಸಾಯಿತು. ಗೊತ್ತಿದ್ದು ಮಾಡಿದ್ದಲ್ಲ, ಒಳಮನಸ್ಸು ಮಾಡಿದ ನಕಲು ಅಂತ 1976ರಲ್ಲಿ ಅಮೆರಿಕದ ಕೋರ್ಟು ತೀರ್ಪು ಕೊಟ್ಟಿತು. ಕೋರ್ಟು ಎತ್ತಿ ತೋರಿಸಿದ್ದು ಎರಡು ತುಣುಕುಗಳನ್ನು. ನಮ್ಮ ಸ್ವರದಲ್ಲಿ ಹೇಳಿದರೆ ಒಂದು ‘ಪ ಗ ರಿ’, ಇನ್ನೊಂದು ‘ಪ ದ ಸ ದ ಸ’. ಹಾರ್ಮೋನಿಯಂನಲ್ಲಿ ಎರಡನ್ನೂ ಒತ್ತಿ ನೋಡಿ, ಎಲ್ಲ ಮೋಹನ ರಾಗದ ಸ್ವರಗಳೇ. ಬರೀ ಆ ಸ್ವರಗಳಿಗಾಗಿ ಕೇಸು ಹಾಕೋದಾದರೆ ಅರ್ಧ ಪ್ರಪಂಚ ಕೋರ್ಟಿನಲ್ಲಿ ಇರಬೇಕಾಗುತ್ತೆ ಅಂತ ನಗೋಣ ಅನ್ನಿಸಿತು. ಆದರೆ ಎರಡು ಹಾಡನ್ನೂ ಒಂದರ ಹಿಂದೆ ಒಂದು ಬಾರಿಸಿದಾಗ ನಗು ನಿಂತಿತು. ಸ್ವರ ಮಾತ್ರ ಅಲ್ಲ, ಅವು ಬರುವ ಸರದಿ, ಎಷ್ಟು ಸಲ ಬರುತ್ತವೆ ಅನ್ನೋದೂ ಹೆಚ್ಚುಕಡಿಮೆ ಒಂದೇ ತರಹ. ನನ್ನ ಕೈಗೆ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗೋಕೆ ಏನೂ ಬದಲಿಸಬೇಕಾಗಲಿಲ್ಲ. ಮುಂದಿನ ಕತೆ ಇನ್ನೂ ಮಜಾ. ಹ್ಯಾರಿಸನ್‌ನ ಮ್ಯಾನೇಜರ್ ಆಗಿದ್ದ ಅಲನ್ ಕ್ಲೈನ್ ಆ ಹಳೇ ಹಾಡಿನ ಹಕ್ಕನ್ನೇ 5,87,000 ಡಾಲರ್‌ಗೆ ಕೊಂಡುಕೊಂಡ. ಮೊದಲು ಇವನ ಪರ ಇದ್ದವನು ಈಗ ಎದುರು ಪಕ್ಷ. ಕೋರ್ಟು ಅದಕ್ಕೆ ಒಪ್ಪಲಿಲ್ಲ. ನೀನು ಕೊಟ್ಟಷ್ಟೇ ದುಡ್ಡು ಹ್ಯಾರಿಸನ್‌ನಿಂದ ತಗೋ, ಅದಕ್ಕಿಂತ ಒಂದು ಕಾಸೂ ಇಲ್ಲ ಅಂತ 1981ರಲ್ಲಿ ಹೇಳಿತು.

ನನ್ನ ಹಳೇ ವಾದ ಪೂರ್ತಿ ಮಲಗಿದ್ದು ‘ವಾ-ವಾ’ದಲ್ಲಿ. 1969ರ ಜನವರಿ 10ರಂದು ಹ್ಯಾರಿಸನ್ ರಿಹರ್ಸಲ್ ಮಧ್ಯದಲ್ಲೇ ಎದ್ದು ಬೀಟಲ್ಸ್ ಬಿಟ್ಟು ಹೊರಟ (ಕೆಲವು ದಿನದಲ್ಲಿ ವಾಪಸ್ ಬಂದ). ಅವತ್ತು ಮನೆಗೆ ಹೋಗಿ ಬರೆದ ಹಾಡು ಇದು. ವಾ-ವಾ ಅನ್ನೋದು ಗಿಟಾರ್ ಪೆಡಲ್‌ನ ಹೆಸರು, ಇಲ್ಲಿ ತಲೆನೋವು ಅಂತಲೂ ಅರ್ಥ. ಇದನ್ನು ಒಂದೇ ಗಿಟಾರ್‌ನಲ್ಲಿ ಬಾರಿಸಿ ಹಾಡಿದೆ. ಕೇಳಿದರೆ ಆಫೀಸಿನಲ್ಲಿ ಜಗಳ ಆಡಿ ಬಂದವನು ಅಡುಗೆಮನೆಯಲ್ಲಿ ನಿಂತು ಗೊಣಗುತ್ತಿರುವ ಹಾಗಿತ್ತು. ಹಾಡು ಸಣ್ಣದಾಗಿಬಿಟ್ಟಿತು. ಆಲ್ಬಮ್ಮಿನಲ್ಲಿ ಅದೇ ಗೊಣಗಾಟಕ್ಕೆ ಗಿಟಾರ್‌ಗೆ ಎರಿಕ್ ಕ್ಲಾಪ್ಟನ್, ಡ್ರಮ್ಸ್‌ಗೆ ಬೀಟಲ್ಸ್‌ನ ರಿಂಗೋ, ಬಾಸ್‌ಗೆ ಕ್ಲಾಸ್ ಫೋರ್ಮನ್, ಕೀಬೋರ್ಡ್‌ಗೆ ಬಿಲ್ಲಿ ಪ್ರೆಸ್ಟನ್, ಜೊತೆಗೆ ಕಹಳೆಯವರು, ಎಲ್ಲರೂ ಮೈಮೇಲೆ ಬಂದವರ ಹಾಗೆ ಬಾರಿಸುತ್ತಾರೆ. ಜಾತ್ರೆಯಲ್ಲಿ ತೇರು ಎಳೆದ ಹಾಗೆ, ಯಾರ ಕೈ ಯಾವ ಹಗ್ಗ ಅಂತ ಗೊತ್ತಾಗಲ್ಲ. ಯಾವ ತಂಡದಲ್ಲಿ ಇವನ ಹಾಡಿಗೆ ಜಾಗ ಇರಲಿಲ್ಲವೋ ಅದರ ಮೇಲಿನ ಸಿಟ್ಟನ್ನು ಇಷ್ಟು ಜನ ಸೇರಿ ಹಬ್ಬ ಮಾಡಿಬಿಟ್ಟಿದ್ದಾರೆ. ಆ ಗುಂಪನ್ನು ತೆಗೆದರೆ ಹಾಡೇ ಹೋಯಿತು. ‘ಇಸಂಟ್ ಇಟ್ ಎ ಪಿಟಿ’ಯ ಏಳು ನಿಮಿಷವೂ ಹಾಗೇ. ನಾನು ಮೂರು ನಿಮಿಷಕ್ಕೆ ಕೈಬಿಟ್ಟೆ.

ಎಕೋ ಪೂರ್ತಿ ಸರಿ ಅಂತ ಈಗಲೂ ಹೇಳಲ್ಲ. ನನ್ನ ನಾಲ್ಕು ಗಿಟಾರ್ ಮೇಲೆ ಒಂದು ಸಲ ಧಾರಾಳವಾಗಿ ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಕೇಳಿಸುವಂಥ ಎಕೋ) ಹಾಕಿ ನೋಡಿದೆ. ಎರಡು ಸ್ಟ್ರಮ್ ನಡುವೆ ಇದ್ದ ಖಾಲಿ ಜಾಗವೆಲ್ಲ ತುಂಬಿಹೋಗಿ ಕೆಸರಾಯಿತು, ಹಾಡುವ ದನಿ ಎಲ್ಲೋ ಬಾವಿಯೊಳಗೆ. ಹಳೇ ಮಿಕ್ಸ್‌ನ ‘ಲೆಟ್ ಇಟ್ ಡೌನ್’ ಕೇಳುವಾಗ ನನಗೆ ಇವತ್ತಿಗೂ ಹೀಗೇ ಅನ್ನಿಸುತ್ತೆ. ಅಲ್ಲಿ 2021ರ ಮಿಕ್ಸೇ ವಾಸಿ. ಆದರೆ ‘ವಾ-ವಾ’ಗೆ ಮಾತ್ರ ಹಳೆಯದೇ ಬೇಕು. ಹೊಸದರಲ್ಲಿ ಎಲ್ಲ ವಾದ್ಯ ಬಿಡಿಬಿಡಿಯಾಗಿ ಕೇಳಿಸುತ್ತೆ, ನನಗೆ ಅದೇ ಬೇಡವಾಗಿದೆ.

ಈಗ ನನ್ನ ‘ಮೈ ಸ್ವೀಟ್ ಲಾರ್ಡ್’ನಲ್ಲಿ ಆರು ಗಿಟಾರ್ ಇವೆ. ಐದನೆಯದರಲ್ಲಿ ಒಂದು ಕಡೆ ಕೈ ತಪ್ಪಿ ಮೈನರ್ ಇರಬೇಕಾದಲ್ಲಿ ಮೇಜರ್ ಬಾರಿಸಿದ್ದೇನೆ. ಆ ಟ್ರ್ಯಾಕ್ ಒಂದನ್ನೇ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಸರಿ ಮಾಡೋಣ ಅಂತ ಅಳಿಸಿದೆ, ಮತ್ತೆ ಬಾರಿಸುವಷ್ಟರಲ್ಲಿ ಒಮ್ಮೆ ಉಳಿದ ಐದನ್ನು ಕೇಳಿದೆ. ಏನೋ ಕಡಿಮೆ ಆಗಿತ್ತು. ಅನ್‌ಡೂ ಒತ್ತಿ ಅದನ್ನೇ ವಾಪಸ್ ತಂದು ಸೇವ್ ಮಾಡಿದೆ.