ಮುಳ್ಳು ಮೇಲೇರುವುದು ಯಾವಾಗ? ಮೊದಲು ಅದನ್ನು ನೋಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ. ವಿಜಯಪುರದ ಗಾಂಧಿ ಚೌಕದ ಗದ್ದಲದಲ್ಲಿ ನನ್ನ ಹಳೆ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಎರಡು ದಿನದ ಹಿಂದೆ ಇದೇ ಗಾಡಿ ಕೊಲ್ಹಾರಕ್ಕೆ ಹೋಗಿ ಮೊಸರಿನ ಗಡಿಗೆ ಹೊತ್ತು ಬಂದಿತ್ತು. ಆಗ ಮುಳ್ಳು ಅಲುಗಿರಲಿಲ್ಲ. ಗ್ಯಾರೇಜಿನಲ್ಲಿ ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಥರ್ಮೋಸ್ಟಾಟ್, ಅಂದರೆ ಇಂಜಿನ್ ಕಾದಾಗ ತೆರೆದು ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ಬದಲಾಯಿಸಿ ದುಡ್ಡು ತಗೊಂಡರು. ಮರುದಿನ ಅದೇ ಚೌಕ, ಅದೇ ಕೆಂಪು ಗೆರೆ.

ಕೊನೆಗೆ ಸಿಕ್ಕಿಬಿದ್ದದ್ದು ಇಂಜಿನ್ ತಣ್ಣಗಿಡುವ ಫ್ಯಾನಿನ ರಿಲೇ, ಅಂದರೆ ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಕಿತ್ತು ನೋಡಿದರೆ ಒಂದು ಕಾಲು ಸುಟ್ಟು ಕಪ್ಪಾಗಿತ್ತು. ಸುತ್ತಲ ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಕರಗಿ ಗಟ್ಟಿಯಾಗಿತ್ತು.

ಹಾಗಾಗಿ ಪಾನಾ ಹಿಡಿಯುವ ಮೊದಲು ನೆನಪು ಮಾಡಿಕೊಳ್ಳಿ, ಗಾಡಿ ಕಾಯುವುದು ಯಾವಾಗ? ನಿಂತಾಗ, ನಿಧಾನ ಹೋಗುವಾಗ ಕಾದು, ಓಡುವಾಗ ತಣ್ಣಗಾದರೆ ಅನುಮಾನ ಫ್ಯಾನಿನ ಮೇಲೆ. ಓಡುವಾಗ ಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ, ಅಲ್ವಾ? ಹೆದ್ದಾರಿಯಲ್ಲಿ ಅಥವಾ ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಚೋರ್ಲಾ ಘಾಟಿನಲ್ಲಿ ಕಾದರೆ ಬಿಸಿ ನೀರನ್ನು ಗಾಳಿಯಲ್ಲಿ ಆರಿಸುವ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಆ ನೀರನ್ನು ತಿರುಗಿಸುವ ವಾಟರ್ ಪಂಪ್ ಸೋತಿರಬಹುದು. ಚಾಲೂ ಮಾಡಿ ಐದೇ ನಿಮಿಷಕ್ಕೆ ಮುಳ್ಳು ಏರಿದರೆ ಕೂಲಂಟ್ (ಇಂಜಿನ್ ತಣ್ಣಗಿಡುವ ಬಣ್ಣದ ದ್ರವ) ಕಡಿಮೆ ಇದೆ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದೆ.

ದಾರಿಯಲ್ಲೇ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ತಿರುಗಿಸಿ. ಸೆಕೆಯಲ್ಲಿ ಶಿಕ್ಷೆಯೇ, ಆದರೆ ಇಂಜಿನ್ನಿನ ಕಾವು ಸ್ವಲ್ಪ ಹೊರಗೆ ಬರುತ್ತದೆ. ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ. ಮುಚ್ಚಳ ತೆಗೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ತಣ್ಣೀರು ಸುರಿಯುವುದೂ ಬೇಡ, ಇಂಜಿನ್ನಿನ ಮೇಲ್ಭಾಗದ ಹೆಡ್ ಸೀಳಬಹುದು. ಅರ್ಧ ಗಂಟೆಗೂ ಜಾಸ್ತಿ ಕಾಯಿರಿ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಡಬ್ಬಿಯ ಮಟ್ಟ ನೋಡಿ. ಕಡಿಮೆ ಇದ್ದರೆ ಎಲ್ಲೋ ಸೋರುತ್ತಿರಬಹುದು. ಹೋಸ್ ಪೈಪಿನ ಕ್ಲಿಪ್, ಪಂಪಿನ ಕೆಳಭಾಗ, ರೇಡಿಯೇಟರಿನ ಮೂಲೆ ಎಲ್ಲ ಕಡೆ ಬೆರಳಾಡಿಸಿ. ಒಣಗಿದ ಕೂಲಂಟ್ ಬಣ್ಣದ ಪುಡಿಯಾಗಿ ಅಂಟಿರುತ್ತದೆ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ, ಹೊಸದು ಹಾಕಿ.

ಬೋರ್‌ವೆಲ್ ನೀರು ಮಾತ್ರ ಸುರಿಯಬೇಡಿ. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ಲ, ನಮ್ಮ ಕಡೆಯ ಸವಳು ನೀರು ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಅದನ್ನೇ ಕಟ್ಟುತ್ತದೆ. ಕೂಲಂಟಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಸಾಮಾನ್ಯವಾಗಿ ಅರ್ಧಕ್ಕರ್ಧ. ತುಂಬಿದ ಮೇಲೆ ಹೀಟರ್ ಹಾಕಿ ಇಂಜಿನ್ ಸ್ವಲ್ಪ ಓಡಿಸಿ. ಒಳಗಿನ ಗಾಳಿ ಹೊರಬಂದು ಮಟ್ಟ ಇಳಿಯುತ್ತದೆ. ಮತ್ತೆ ತಣ್ಣಗಾದ ಮೇಲೆ ಉಳಿದದ್ದು ತುಂಬಿ.

ಇನ್ನು ರೇಡಿಯೇಟರಿನ ಹೊರಮೈ. ಜಮಖಂಡಿ, ಮುಧೋಳ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ತೆವಳಿದ ಗಾಡಿಗಳಲ್ಲಿ ರವದಿ (ಒಣಗಿದ ಕಬ್ಬಿನ ಎಲೆ) ಚೂರು, ಧೂಳು ಸಿಕ್ಕಿಕೊಂಡಿರುತ್ತದೆ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ಎಸಿಯ ಕಂಡೆನ್ಸರ್ ಮುಂದೆ ಇರುತ್ತದೆ, ಕಸ ಅದರ ಹಿಂದೆ ಕಂಬಳಿಯಂತೆ ಕೂತಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ ಸಣ್ಣಗೆ ನೀರು ಬಿಡಿ. ಜೋರಾಗಿ ಹೊಡೆದರೆ ತೆಳು ರೆಕ್ಕೆಗಳು ಬಾಗುತ್ತವೆ.

ಫ್ಯಾನ್ ನೋಡುವುದು ಸುಲಭ. ಇಂಜಿನ್ ಚಾಲೂ ಇಟ್ಟು ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಆಗಲೇ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ನಂತರ ರಿಲೇ. ಅದೇ ಪೆಟ್ಟಿಗೆಯಲ್ಲಿ ಹಾರ್ನಿನ ರಿಲೇ ಅಂಥದ್ದೇ ನಂಬರಿನದು ಇದ್ದರೆ ಅದಲುಬದಲು ಮಾಡಿ ನೋಡಿ. ಎರಡೂ ಸರಿ ಇದ್ದರೆ ಮೋಟರ್ ಅಥವಾ ವೈರಿಂಗ್, ಅದು ಎಲೆಕ್ಟ್ರಿಷಿಯನ್ ಕೆಲಸ. ಬಿಸಿ ಇಂಜಿನ್ನಿನಲ್ಲಿ ಫ್ಯಾನ್ ತಾನಾಗಿ ತಿರುಗಬಹುದು, ಕೈ ದೂರ ಇರಲಿ.

ಮುಳ್ಳು ಮೇಲಿದ್ದೂ ರೇಡಿಯೇಟರಿನ ಒಂದು ಪೈಪ್ ಸುಡುತ್ತಾ, ಇನ್ನೊಂದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ. ಬಿಚ್ಚಿ ಪಾತ್ರೆಯ ನೀರಿನಲ್ಲಿ ಕುದಿಸಿ. ಅದರ ಮೇಲೆ ಕೊರೆದ ಡಿಗ್ರಿ, ಸಾಮಾನ್ಯವಾಗಿ 82 ಅಥವಾ 88, ದಾಟುತ್ತಿದ್ದಂತೆ ಬಾಯಿ ಬಿಡಬೇಕು. "ಅದನ್ನ ತೆಗೆದೇ ಬಿಡೋಣ ಸಾಹೇಬ್ರ" ಅನ್ನುವ ಮಿಸ್ತ್ರಿಗಳಿದ್ದಾರೆ. ಒಪ್ಪಬೇಡಿ. ಇಂಜಿನ್ ಸರಿಯಾಗಿ ಕಾಯದೆ ಪೆಟ್ರೋಲ್, ಡೀಸೆಲ್ ಜಾಸ್ತಿ ಕುಡಿಯುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಕೂಲಂಟ್ ಸೋರದೆ ಕಡಿಮೆಯಾಗುತ್ತಿದೆಯೇ? ಆಯಿಲ್ ಮುಚ್ಚಳ ತೆಗೆದು ಒಳಗೆ ನೋಡಿ. ಹಾಲು ಹಾಕಿದ ಚಹಾ ಬಣ್ಣದ ಜಿಗುಟು ಇದ್ದರೆ, ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಕೂಲಂಟ್ ಡಬ್ಬಿಯಲ್ಲಿ ಬುಳುಬುಳು ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿನ ಕೆಳಗೆ ಸೋರದಂತೆ ಕೂರಿಸಿದ ತೆಳು ಹಾಳೆ, ಹೋಗಿರುವ ಸಾಧ್ಯತೆ ಹೆಚ್ಚು. ಅಲ್ಲಿಂದ ಗ್ಯಾರೇಜ್ ಎರಡೇ ಕಿಲೋಮೀಟರ್ ಇದ್ದರೂ ಓಡಿಸಬೇಡಿ. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಹೋಗಿ.