ಅಕ್ವೇರಿಯಂ ತುಂಬ ಬಸವನಹುಳುವೇ? ಮೊದಲು ಫುಡ್ ಡಬ್ಬಿ ಬಚ್ಚಿಡಿ

ನಮ್ಮ ಮನೆಯಲ್ಲಿರುವುದು ಎರಡು ಅಡಿಯ ಟ್ಯಾಂಕ್, ಸುಮಾರು 55 ಲೀಟರ್ ನೀರಿನದು. ಹೊಸ ಗಿಡ ತಂದು ನೆಟ್ಟ ತಿಂಗಳಿಗೆ ಗಾಜಿನ ಮೇಲೆ ಎಳ್ಳಿನಷ್ಟು ದೊಡ್ಡ ಬಸವನಹುಳು ಒಂದು ಕಾಣಿಸಿತು. ಮಗಳಿಗೆ ಖುಷಿಯೋ ಖುಷಿ, ಅದಕ್ಕೊಂದು ಹೆಸರನ್ನೂ ಇಟ್ಟಳು. ಇನ್ನೆರಡು ತಿಂಗಳು ಕಳೆಯುವಷ್ಟರಲ್ಲಿ ಇಡೋಕೆ ಹೆಸರುಗಳೇ ಸಾಲಲಿಲ್ಲ.

ಎಲ್ಲರಂತೆ ನಾನೂ ಮೊದಲು ಹುಡುಕಿದ್ದು ಔಷಧಿಯನ್ನೇ. ರೋಗ ಇದ್ದದ್ದು ಬೇರೆ ಕಡೆ. ಬೆಳಿಗ್ಗೆ ಪೂಜೆ ಮುಗಿಸಿ ಅಮ್ಮ ಮೀನಿಗೊಂದು ಚಿಟಿಕೆ ಫುಡ್ ಹಾಕುತ್ತಿದ್ದರು. ಸ್ಕೂಲಿಂದ ಬಂದ ಮಗಳದ್ದು ಒಂದು ಚಿಟಿಕೆ. ರಾತ್ರಿ ‘ಪಾಪ, ಯಾರೂ ಹಾಕಿಲ್ಲವೇನೋ’ ಅಂತ ನನ್ನದೊಂದು. ಮೀನು ತಿಂದು ಬಿಟ್ಟದ್ದೆಲ್ಲ ತಳ ಸೇರುತ್ತಿತ್ತು. ಬಸವನಹುಳು ಅದನ್ನೇ ತಿಂದು ಸಂಸಾರ ಬೆಳೆಸುತ್ತಿತ್ತು.

ಮೊದಲು ಯಾವ ಹುಳು ಅಂತ ನೋಡಿ

ನಮ್ಮ ಟ್ಯಾಂಕುಗಳಿಗೆ ಕರೆಯದೇ ಬರುವವು ಹೆಚ್ಚಾಗಿ ಮೂರು ಬಗೆ. ಕಂದು ಬಣ್ಣದ, ತೆಳು ಚಿಪ್ಪಿನ ಪುಟ್ಟ ಬ್ಲ್ಯಾಡರ್ ಸ್ನೇಲ್ ಒಂದು. ಚಿಪ್ಪಿನ ಚೂಪು ತುದಿ ಮೇಲೆ ಬರುವಂತೆ, ಬಾಯಿ ನಿಮ್ಮ ಕಡೆಗಿರುವಂತೆ ಹಿಡಿದರೆ ಬಾಯಿ ಎಡಕ್ಕೆ ಕಾಣುತ್ತದೆ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡಿದ್ದರೆ ರಾಮ್ಸ್‌ಹಾರ್ನ್. ಸ್ಕ್ರೂ ಥರ ಉದ್ದಕ್ಕೆ, ಚೂಪಾಗಿದ್ದರೆ ಟ್ರಂಪೆಟ್.

ಈ ಗುರುತು ಯಾಕೆ ಬೇಕು ಅಂದರೆ, ಮೊದಲೆರಡು ಎಲೆಯ ಅಡಿಯಲ್ಲೋ ಗಾಜಿನ ಮೇಲೋ ಅಂಟುಅಂಟಾದ ಲೋಳೆಯಲ್ಲಿ ಮೊಟ್ಟೆ ಇಡುತ್ತವೆ. ಕಣ್ಣಿಗೆ ಬಿದ್ದರೆ ಹಳೆಯ ಎಟಿಎಂ ಕಾರ್ಡಿನಿಂದ ಕೆರೆದು ತೆಗೆಯಬಹುದು. ಅವುಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ ಇಲ್ಲ, ಒಂದೇ ಹುಳುವಿನಲ್ಲಿ ಎರಡೂ ಇರುತ್ತವೆ. ಬ್ಲ್ಯಾಡರ್ ಸ್ನೇಲ್ ಅಂತೂ ಜೊತೆಗಾರ ಸಿಗದಿದ್ದರೆ ಒಂಟಿಯಾಗಿಯೇ ಮೊಟ್ಟೆ ಇಡಬಲ್ಲದು. ಟ್ರಂಪೆಟ್ ಮೊಟ್ಟೆ ಇಡುವುದೇ ಇಲ್ಲ, ನೇರವಾಗಿ ಮರಿ ಹಾಕುತ್ತದೆ. ಅದಕ್ಕೂ ಗಂಡಿನ ಹಂಗಿಲ್ಲ. ಹಗಲೆಲ್ಲ ತಳದ ಮರಳಲ್ಲಿ ಹೂತುಕೊಂಡಿದ್ದು, ರಾತ್ರಿ ಹೊರಗೆ ಬರುತ್ತದೆ. ಹಗಲಲ್ಲಿ ನಾಲ್ಕು ಕಂಡರೆ ಮರಳೊಳಗೆ ನಲವತ್ತು ಇದ್ದರೂ ಆಶ್ಚರ್ಯವಿಲ್ಲ.

ಆಮೇಲೆ ಊಟ ಕಡಿಮೆ ಮಾಡಿ

ಇದೊಂದೇ ನಿಜವಾದ ಮದ್ದು. ಉಳಿದದ್ದೆಲ್ಲ ಇದಕ್ಕೆ ಸಹಾಯ ಅಷ್ಟೇ. ದಿನಕ್ಕೆ ಒಂದೇ ಹೊತ್ತು, ಮೀನು ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ವಾರಕ್ಕೊಂದು ದಿನ ಉಪವಾಸ. ಮರಿ ಮೀನುಗಳನ್ನು ಬಿಟ್ಟರೆ, ಬೆಳೆದ ಆರೋಗ್ಯವಂತ ಮೀನಿಗೆ ಇದರಿಂದ ಏನೂ ಆಗುವುದಿಲ್ಲ.

ಹೇಳೋದು ಸುಲಭ. ಮನೆಮಂದಿಯ ಕೈ ಕಟ್ಟೋದು ಹೇಗೆ? ಅಪ್ಪನ ಹಳೆಯ ಮಾತ್ರೆ ಡಬ್ಬಿ ನಮ್ಮ ನೆರವಿಗೆ ಬಂತು. ವಾರದ ಏಳು ದಿನಕ್ಕೆ ಏಳು ಖಾನೆ ಇರುತ್ತವಲ್ಲ, ಅಂಥದ್ದು. ಭಾನುವಾರ ಕೂತು ಆರು ಖಾನೆಗೆ ಅಳತೆಯ ಫುಡ್ ತುಂಬಿಸುತ್ತೇನೆ. ಶನಿವಾರದ್ದು ಖಾಲಿ. ದೊಡ್ಡ ಡಬ್ಬಿ ಅಟ್ಟಕ್ಕೆ ಹೋಯಿತು. ಆ ದಿನದ ಖಾನೆ ಖಾಲಿ ಇದ್ದರೆ ಮೀನಿನ ಊಟ ಆಗಿದೆ ಅಂತ ಅರ್ಥ. ಫಲ ಒಂದೇ ವಾರಕ್ಕೆ ಕಾಣಲಿಲ್ಲ, ಒಂದೂವರೆ ತಿಂಗಳು ಹಿಡಿಯಿತು.

ಜೊತೆಗೆ ತಳ ಶುಚಿ ಮಾಡಿ. ವಾರಕ್ಕೊಮ್ಮೆ ಸೈಫನ್ ಪೈಪನ್ನು ಮರಳಿಗೆ ಚುಚ್ಚಿ ಕಸದ ಸಮೇತ ಕಾಲು ಭಾಗ ನೀರು ಎಳೆಯಿರಿ. ನಮ್ಮ ಟ್ಯಾಂಕಿಗೆ ಅದು ಸರಿಯಾಗಿ ಒಂದು ಬಕೆಟ್. ಕ್ಲೋರಿನ್ ತೆಗೆದ ನೀರನ್ನೇ ಮತ್ತೆ ತುಂಬಿಸಿ. ಕೊಳೆತ ಎಲೆಗಳನ್ನೂ ಕಿತ್ತು ಹಾಕಿ, ಅವೂ ಹುಳುವಿಗೆ ಊಟವೇ.

ರಾತ್ರಿ ಬೇಟೆ

ಸೌತೆಕಾಯಿಯ ದಪ್ಪ ಬಿಲ್ಲೆಯೊಂದನ್ನು ಎರಡು ನಿಮಿಷ ಬಿಸಿ ನೀರಲ್ಲಿ ಹಾಕಿ ಮೆತ್ತಗೆ ಮಾಡಿ, ಆರಿಸಿ. ತೇಲದಂತೆ ಸ್ಟೀಲ್ ಫೋರ್ಕಿಗೆ ಚುಚ್ಚಿ, ಲೈಟ್ ಆರಿಸಿದ ಮೇಲೆ ತಳಕ್ಕೆ ಇಳಿಸಿ. ಎಲೆಕೋಸಿನ ಎಲೆಯೂ ಆಗುತ್ತದೆ. ಬೆಳಿಗ್ಗೆ ಲೈಟ್ ಹಾಕುವ ಮೊದಲೇ ಮೆಲ್ಲಗೆ ಎತ್ತಿ. ಮೊದಲ ದಿನ ನಮಗೆ ಒಂದೇ ಬಿಲ್ಲೆಯಲ್ಲಿ ಮೂವತ್ತೆಂಟು ಸಿಕ್ಕವು. ಎಣಿಸಿದ್ದು ಮಗಳು, ನಾನಲ್ಲ. ಎರಡು ವಾರ ದಿನಾ ಹೀಗೆ ಮಾಡಿ. ಮರೆತು ಮಧ್ಯಾಹ್ನದವರೆಗೂ ಬಿಟ್ಟಿರೋ, ಸೌತೆ ಕೊಳೆತು ನೀರು ಕೆಡುತ್ತದೆ.

ಇದನ್ನು ತಿನ್ನುವ ಮೀನು ಇಲ್ವಾ?

ಇವೆ. ಆದರೆ ಅಂಗಡಿಯವರು ‘ಒಂದು ಲೋಚ್ ಬಿಡಿ ಸಾರ್, ಎಲ್ಲ ಕ್ಲೀನ್’ ಅಂದ ತಕ್ಷಣ ಪರ್ಸ್ ತೆಗೆಯಬೇಡಿ. ಕ್ಲೌನ್ ಲೋಚ್ ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ. ಸುಮಾತ್ರ, ಬೋರ್ನಿಯೋ ಕಡೆಯ ಈ ಮೀನು ಅಡಿಯವರೆಗೂ ಬೆಳೆಯಬಲ್ಲದು. ಸಾಲದ್ದಕ್ಕೆ ಗುಂಪಲ್ಲಿ ಇರಬೇಕು. ಎರಡು ಅಡಿಯ ಟ್ಯಾಂಕಿನಲ್ಲಿ ಅದನ್ನು ಸಾಕುವುದು ಹಿಂಸೆ. ಜೀಬ್ರಾ ಲೋಚ್ ಅಷ್ಟು ಬೆಳೆಯುವುದಿಲ್ಲ ನಿಜ. ಆದರೆ ಅದು ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಮೀನು, ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನಂಚಿನಲ್ಲಿದೆ. ನಾಲ್ಕು ಬಸವನಹುಳುವಿಗಾಗಿ ಹೊಳೆಯ ಮೀನನ್ನು ಖಾಲಿ ಮಾಡುವುದು ನನಗಂತೂ ಸರಿ ಕಾಣಲಿಲ್ಲ.

ಪೀ ಪಫರ್ ಎಂಬ ಬಟಾಣಿ ಗಾತ್ರದ ಕೇರಳದ ಮೀನಿಗೂ ಬಸವನಹುಳು ಅಂದರೆ ಪ್ರಾಣ. ಅದೂ ಘಟ್ಟದ್ದೇ. ಜೊತೆಗೆ ಬೇರೆ ಮೀನುಗಳ ರೆಕ್ಕೆ ಕಚ್ಚುವ ಚಾಳಿ ಬೇರೆ.

ತೀರಾ ಬೇಕೆಂದರೆ ಅಸಾಸಿನ್ ಸ್ನೇಲ್ ವಾಸಿ. ಹಳದಿ ಕಪ್ಪು ಪಟ್ಟೆಯ ಈ ಬಸವನಹುಳು ಬೇರೆ ಬಸವನಹುಳುಗಳನ್ನು ತಿನ್ನುತ್ತದೆ. ಮರಳೊಳಗೆ ಹೂತುಕೊಳ್ಳುವುದರಿಂದ ಟ್ರಂಪೆಟ್‌ಗೂ ತಪ್ಪಿಸಿಕೊಳ್ಳೋದು ಕಷ್ಟ. ಕೆಲಸ ನಿಧಾನ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅದೂ ಮರಿ ಮಾಡುತ್ತದೆ, ಆದರೆ ಉಳಿದವುಗಳ ವೇಗದಲ್ಲಿ ಅಲ್ಲ.

ಮೈಲುತುತ್ತ ಮುಟ್ಟಬೇಡಿ

ಅಡಿಕೆ ತೋಟ ಇರುವ ನೆಂಟರೊಬ್ಬರು ‘ಮನೆಯಲ್ಲಿ ಮೈಲುತುತ್ತ ಇದೆಯಲ್ಲ, ಒಂದು ಹರಳು ಹಾಕಿದರಾಯ್ತು’ ಅಂದುಕೊಂಡು ಹಾಕಿಯೇಬಿಟ್ಟರು. ಬಸವನಹುಳು ಸತ್ತಿದ್ದು ನಿಜ. ಮೂರನೇ ದಿನಕ್ಕೆ ಮೀನುಗಳೂ ಹೊಟ್ಟೆ ಮೇಲಾಗಿ ತೇಲಿದವು. ಮೈಲುತುತ್ತದಲ್ಲಿ ಇರುವುದು ತಾಮ್ರ. ಅದು ಬಸವನಹುಳುವಿಗೆ ವಿಷ, ಸಿಗಡಿಗೂ ವಿಷ, ಜಾಸ್ತಿಯಾದರೆ ಮೀನಿಗೂ ಬಿಡುವುದಿಲ್ಲ. ಇನ್ನೊಂದು ಅಪಾಯವಿದೆ. ನೂರಾರು ಹುಳು ಒಮ್ಮೆಲೇ ಸತ್ತು ಮರಳೊಳಗೆ ಕೊಳೆತರೆ ನೀರಲ್ಲಿ ಅಮೋನಿಯಾ ಏರುತ್ತದೆ. ಅಂಗಡಿಯಲ್ಲಿ ಸಿಗುವ ಸ್ನೇಲ್ ಕಿಲ್ಲರ್ ಬಾಟಲಿಗಳಲ್ಲೂ ಹಲವದರಲ್ಲಿ ಇರುವುದು ತಾಮ್ರವೇ. ಲೇಬಲ್ ಓದಿ.

ಹೊಸ ಗಿಡ ತಂದಾಗ

ಹುಳು ಒಳಗೆ ಬರುವ ಬಾಗಿಲು ಇದೇ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಪಟಿಕದ ಪುಡಿ ಕರಗಿಸಿ, ಗಿಡವನ್ನು ಎರಡು ದಿನ ಅದರಲ್ಲಿ ಮುಳುಗಿಸಿಡಿ. ಆಮೇಲೆ ಚೆನ್ನಾಗಿ ತೊಳೆದು ನೆಡಿ. ಅವಸರವಿದ್ದರೆ ಬ್ಲೀಚ್ ಇದೆ. ಪರಿಮಳ, ಸೋಪು ಏನೂ ಸೇರಿಸದ ಸಾದಾ ಬ್ಲೀಚ್ 50 ಮಿಲಿಗೆ 950 ಮಿಲಿ ನೀರು. ಅನುಬಿಯಾಸ್, ಜಾವಾ ಫರ್ನ್‌ನಂಥ ಗಟ್ಟಿ ಗಿಡವನ್ನು ಎರಡು ನಿಮಿಷ ಅದ್ದಿ ತೆಗೆದು, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ನೀರಲ್ಲಿ ವಾಸನೆ ಹೋಗುವವರೆಗೂ ತೊಳೆಯಿರಿ. ಪಾಚಿಯಂಥ ಮಾಸ್, ವ್ಯಾಲಿಸ್ನೇರಿಯಾ ಇದನ್ನು ತಡೆಯುವುದಿಲ್ಲ. ನಾನು ಒಂದು ಕಟ್ಟು ವ್ಯಾಲಿಸ್ನೇರಿಯಾ ಹೀಗೇ ಕಳೆದುಕೊಂಡೆ.

ಹಿಡಿದದ್ದನ್ನು ಏನು ಮಾಡೋದು?

ಸಿಂಕಿಗೆ, ಮೋರಿಗೆ, ಕೆರೆಗೆ ಹಾಕಬೇಡಿ. ಬೆಂಗಳೂರಿನಲ್ಲಿ ಮೋರಿಯ ನೀರು ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ, ಜೊತೆಗೆ ಹುಳುವೂ. ಗಾಜಿಗೆ ಒತ್ತಿ ಚಿಪ್ಪು ಒಡೆದರೆ ನಮ್ಮ ಗೌರಾಮಿಗಳು ಓಡಿ ಬಂದು ತಿನ್ನುತ್ತವೆ. ದಿನಕ್ಕೆ ಎರಡು ಮೂರು ಸಾಕು. ಅಮ್ಮ ಮಾತ್ರ ಆ ಹೊತ್ತಿಗೆ ಅಡುಗೆಮನೆಗೆ ಹೋಗಿಬಿಡುತ್ತಾರೆ. ಮಿಕ್ಕಿದ್ದನ್ನು ಕವರಿನಲ್ಲಿ ಕಟ್ಟಿ ಒಂದು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಹೂಕುಂಡದ ಮಣ್ಣಿಗೆ ಹಾಕುತ್ತೇವೆ.

ಈಗಲೂ ನಮ್ಮ ಟ್ಯಾಂಕಿನಲ್ಲಿ ಐದಾರು ಇವೆ. ಪಾಚಿ ಕೆರೆಯುತ್ತವೆ, ಇರಲಿ ಅಂತ ಬಿಟ್ಟಿದ್ದೇನೆ. ಬೆಳಿಗ್ಗೆ ಕಾಫಿ ಹಿಡಿದು ಗಾಜಿನ ಮೇಲೆ ಎಷ್ಟಿವೆ ಅಂತ ಎಣಿಸುತ್ತೇನೆ. ಹತ್ತು ದಾಟಿದ ದಿನ ಅಟ್ಟದ ಮೇಲಿನ ಡಬ್ಬಿ ಯಾರು ಇಳಿಸಿದ್ದು ಅಂತ ಮನೆಯಲ್ಲಿ ವಿಚಾರಣೆ ನಡೆಯುತ್ತದೆ.