ಚಿಲಕದ ಸದ್ದು

ಬೆಂಗಳೂರಿನ ಒಂದು ಬಾಲಕಿಯರ ಪಾಲನಾ ಸಂಸ್ಥೆಯಲ್ಲಿ ನಾನು ಆಪ್ತಸಮಾಲೋಚಕಿ. ಮೂರು ವರ್ಷದ ಹಿಂದೆ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ನಮ್ಮಲ್ಲಿಗೆ ಕರೆತಂದರು. ತಾಯಿ ತೀರಿಕೊಂಡ ಮೇಲೆ ಸಂಬಂಧಿಕನೊಬ್ಬ ಅವಳನ್ನು ತಗಡಿನ ಶೆಡ್ಡಿನಲ್ಲಿ ಕೂಡಿಹಾಕಿ ಹೊಡೆಯುತ್ತಿದ್ದ. ಬಂದ ದಿನವೇ ನಾನು ನಮೂನೆಯನ್ನು ಮುಂದಿಟ್ಟುಕೊಂಡು, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಮ್ಮ ಎಂದು ಕೇಳಿದೆ. ಪೊಲೀಸರಿಗೆ, ವೈದ್ಯರಿಗೆ, ಸಮಿತಿಗೆ ಆಗಲೇ ಹೇಳಿದ್ದನ್ನು ಅವಳು ಗೋಡೆ ನೋಡುತ್ತ, ಪಾಠ ಒಪ್ಪಿಸುವವಳಂತೆ ನನಗೂ ಹೇಳಿದಳು. ಆಮೇಲೆ ಎರಡು ದಿನ ಅನ್ನ ಮುಟ್ಟಲಿಲ್ಲ.

ಮಗುವನ್ನು ಸಾಕ್ಷ್ಯಕ್ಕಾಗಿ ಪದೇ ಪದೇ ನ್ಯಾಯಾಲಯಕ್ಕೆ ಕರೆಸಬಾರದು, ಹೇಳಿಕೆ ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು ಎಂದು ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಇವಳದು ಆ ಕಾಯ್ದೆಯ ಪ್ರಕರಣವಲ್ಲದಿದ್ದರೂ, ನ್ಯಾಯಾಲಯವೇ ತೋರಿಸಬೇಕಾದ ಆ ಸಂಯಮವನ್ನು ಮಗುವಿನ ಮನಸ್ಸನ್ನು ನೋಡಿಕೊಳ್ಳಬೇಕಾದ ನಾನೇ ತೋರಿಸಲಿಲ್ಲ. ಈಗ ಮೊದಲ ವಾರದಲ್ಲಿ ಯಾವ ಮಗುವಿಗೂ ಹಿಂದಿನ ಪ್ರಶ್ನೆ ಕೇಳುವುದಿಲ್ಲ. ಕಡತದಲ್ಲಿರುವುದನ್ನು ಓದಿಕೊಂಡು, ಬಚ್ಚಲುಮನೆ ಎಲ್ಲಿದೆ, ಹಸಿವಾದರೆ ಯಾರನ್ನು ಕೇಳಬೇಕು, ರಾತ್ರಿ ಪಕ್ಕದಲ್ಲಿ ಯಾರು ಮಲಗುತ್ತಾರೆ ಎಂಬುದನ್ನಷ್ಟೇ ತಿಳಿಸುತ್ತೇನೆ.

ಹುಡುಗಿ ರಾತ್ರಿ ಕಿರುಚುತ್ತಿದ್ದಳು, ಹಿಡಿಯಲು ಹೋದವರನ್ನು ಕಚ್ಚುತ್ತಿದ್ದಳು. "ಇವಳಿಗೆ ಹಟ ಜಾಸ್ತಿ ಮೇಡಂ, ಬಾಗಿಲು ಹಾಕೋ ಹೊತ್ತಿಗೇ ಶುರು ಮಾಡ್ತಾಳೆ" ಎಂದು ಗೃಹಮಾತೆ ಎರಡು ವಾರದಿಂದ ಹೇಳುತ್ತಲೇ ಇದ್ದರು. ನಾನು ಅದನ್ನು ದೂರು ಎಂದೇ ಕೇಳಿಸಿಕೊಂಡಿದ್ದೆ. ಒಂದು ರಾತ್ರಿ ಅಲ್ಲಿಯೇ ಉಳಿದುಕೊಂಡಾಗ ವಿಷಯ ತಿಳಿಯಿತು. ಒಂಬತ್ತು ಗಂಟೆಗೆ ಹಜಾರದ ಕಬ್ಬಿಣದ ಬಾಗಿಲಿನ ಚಿಲಕ ಖಣಾರನೆ ಬಿದ್ದ ಕೂಡಲೇ ಅವಳ ಕಣ್ಣು ನಿಂತಲ್ಲೇ ನಿಂತಿತು, ಹೆಗಲು ಕಿವಿಯವರೆಗೆ ಏರಿತು. ಕೂಗು ಬಂದದ್ದು ಆಮೇಲೆ. ನಡುವೆ ನಾಲ್ಕೈದು ಕ್ಷಣಗಳಿದ್ದವು, ಅಷ್ಟೇ. ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಅಮಿಗ್ಡಲ ಎಂಬ ಭಾಗವು ಪರಿಚಿತ ಸದ್ದೊಂದನ್ನು ಕೇಳಿದಾಗ, ಇದು ಹಳೆಯದು, ಇದು ಈಗಿನದು ಎಂದು ತೂಗಿ ನೋಡುತ್ತ ಕೂರುವುದಿಲ್ಲ. ದೇಹವನ್ನು ಓಡಲು, ಹೋರಾಡಲು ಇಲ್ಲವೇ ಮರಗಟ್ಟಲು ಸಜ್ಜುಗೊಳಿಸುತ್ತದೆ. ಯೋಚಿಸಿ ತೀರ್ಮಾನಿಸುವ ಮುಂಭಾಗದ ಹಿಡಿತ ಆಗ ಸಡಿಲವಾಗಿರುವುದರಿಂದ, ಆ ಹೊತ್ತಿನಲ್ಲಿ ಹೇಳಿದ ಬುದ್ಧಿಮಾತು ಮಗುವಿನ ಒಳಗೆ ಇಳಿಯುವುದಿಲ್ಲ. ಹಟವೆಂದು ನಾವು ಕರೆಯುತ್ತಿದ್ದುದು ಇದನ್ನೇ.

ಮರುದಿನ ಗೃಹಮಾತೆಯವರು ತಮ್ಮ ಹಳೆಯ ಹತ್ತಿಸೀರೆಯ ಅಂಚನ್ನು ಹರಿದು ಚಿಲಕಕ್ಕೆ ಸುತ್ತಿದರು. ಬಾಗಿಲು ಹಾಕುವ ಕಾಲು ಗಂಟೆ ಮೊದಲು ಹುಡುಗಿಗೆ ತಿಳಿಸುವುದು, ಅವಳು ಒಪ್ಪಿದರೆ ಅವಳ ಕೈಯಿಂದಲೇ ಹಾಕಿಸುವುದು, ಮತ್ತೆ ತೆಗೆದು ತೋರಿಸುವುದು ಎಂದು ಮೂರು ಕ್ರಮ ಇಟ್ಟುಕೊಂಡೆವು. ಮೈ ಬಿಗಿಯುವುದು ಕಂಡರೆ ಮಾತಾಡಿಸದೆ, ಮುಟ್ಟದೆ, ಒಂದು ಮಾರು ದೂರ ಕುಳಿತು ನೆಲಕ್ಕೆ ಅಂಗಾಲು ಊರಿ ನಿಧಾನವಾಗಿ ಚಪ್ಪಾಳೆ ತಟ್ಟುವುದು; ಅವಳೂ ಸೇರಿಕೊಂಡರೆ ಸರಿ, ಇಲ್ಲದಿದ್ದರೂ ಸರಿ. ಆರನೆಯ ವಾರದಲ್ಲಿ ಅವಳು ಸೇರಿಕೊಂಡಳು. ಒಂದು ಸಂಜೆ, ನಾನು ಕೇಳದೆಯೇ, "ಅಲ್ಲಿ ಹೊರಗಿಂದ ಹಾಕತಿದ್ರರೀ, ಇಲ್ಲಿ ಒಳಗಿಂದ ಹಾಕತೀವಿ" ಎಂದಳು.

ಆದರೆ ಇದನ್ನೆಲ್ಲ ರಾತ್ರಿಯಿಡೀ ಮಾಡಿದವಳು ನಾನಲ್ಲ. ನಾನು ಸಂಜೆ ಆರಕ್ಕೆ ಬಸ್ಸು ಹತ್ತುತ್ತೇನೆ. ಇಪ್ಪತ್ತೆರಡು ಮಕ್ಕಳ ನಡುವೆ ಉಳಿಯುವವರು ಗೃಹಮಾತೆ. ದೊಡ್ಡವರ ಉಸಿರು, ದನಿ, ಮುಖದ ಬಿಗಿ ನೋಡಿಯೇ ಮಕ್ಕಳು ತಾವು ಸುರಕ್ಷಿತವೇ ಎಂದು ಅಳೆಯುತ್ತಾರೆ. ಮಗು ಕಚ್ಚಿದ ಗುರುತು ಮುಂಗೈ ಮೇಲೆ ಇರುವಾಗ, ನಾಲ್ಕು ದಿನದ ನಿದ್ದೆ ಬಾಕಿ ಇರುವಾಗ, ಶಾಂತವಾಗಿರಿ ಎಂದು ಅವರಿಗೆ ಹೇಳುವುದು ಕ್ರೂರವೆಂದೇ ನನ್ನ ಅಭಿಪ್ರಾಯ. "ಅವಳು ಕಿರುಚಿದ್ರೆ ನನ್ ಎದೆಯೂ ಹೊಡ್ಕೊಳುತ್ತೆ ಮೇಡಂ, ನಮ್ಮನೇಲೂ ಇಂಥ ರಾತ್ರಿ ಕಂಡಿದೀನಿ" ಎಂದು ಒಂದು ದಿನ ಅವರೇ ಹೇಳಿಕೊಂಡರು. ಹೆಚ್ಚು ಕೆದಕಲಿಲ್ಲ, ಹುಡುಗಿಯಿಂದ ಕಲಿತದ್ದನ್ನು ಇಲ್ಲಿ ಪಾಲಿಸಿದೆ.

ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಗೃಹಮಾತೆಯರು, ಅಡುಗೆಯವರು ಮತ್ತು ಕಾವಲುಗಾರರ ಜೊತೆ ಒಂದು ಗಂಟೆ ಕೂರುತ್ತೇವೆ. ಅಲ್ಲಿ ಹಾಜರಿ ಪುಸ್ತಕವಿಲ್ಲ, ಮೇಲಧಿಕಾರಿಗಳಿಲ್ಲ. ಆ ವಾರ ಯಾವ ಮಗುವಿನ ಮೇಲೆ ಸಿಟ್ಟು ಬಂತೆಂದು ಬಿಚ್ಚಿ ಹೇಳಬಹುದು. ಸಿಟ್ಟು ಬಂದಾಗ ಅಲ್ಲಿಂದ ಎದ್ದು ಹೋಗಲು ಇನ್ನೊಬ್ಬರನ್ನು ಕೂಗುವುದು ಸೋಲಲ್ಲವೆಂದು ಒಪ್ಪಿಕೊಳ್ಳಲು ನಮಗೆ ತಿಂಗಳುಗಳೇ ಹಿಡಿದವು. ಸತತ ಮೂರು ರಾತ್ರಿಗಿಂತ ಹೆಚ್ಚು ಒಬ್ಬರನ್ನೇ ಪಾಳಿಗೆ ಹಾಕಬಾರದೆಂಬ ಬೇಡಿಕೆ ಹುಟ್ಟಿದ್ದೂ ಅಲ್ಲಿಯೇ. ಆಡಳಿತ ಮಂಡಳಿ ಒಪ್ಪಲು ಎಂಟು ತಿಂಗಳಾಯಿತು. ನಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯದ ಸಂಸ್ಥೆ ನಮ್ಮ ಊರಿನಲ್ಲೇ ಇದ್ದು, ಮಕ್ಕಳ ವಿಭಾಗಕ್ಕೆ ನಮ್ಮ ಮಕ್ಕಳನ್ನು ತೋರಿಸಲು ಸಾಧ್ಯವಾಗಿರುವುದು ನಮ್ಮ ಪುಣ್ಯ. ಆದರೂ ವೈದ್ಯರು ಸಿಗುವುದು ತಿಂಗಳಿಗೊಮ್ಮೆ. ಉಳಿದ ದಿನಗಳು ಈ ಹೆಂಗಸರ ಕೈಯಲ್ಲಿವೆ.

ಗೃಹಮಾತೆ ಊರಿಗೆ ಹೋಗುವುದಿದ್ದರೆ ಎರಡು ದಿನ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಯಾವ ದಿನ ಮರಳುತ್ತಾರೆಂದು ಹುಡುಗಿಗೆ ತೋರಿಸುತ್ತೇವೆ. ಆದರೂ ಅಂಥ ರಾತ್ರಿಗಳಲ್ಲಿ ಅವಳು ಇಂದಿಗೂ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಾಳೆ. ಎಬ್ಬಿಸಿ ಮಲಗಿಸಬೇಡಿ, ಹೊದಿಕೆಯನ್ನು ಕೈಗೆಟುಕುವಂತೆ ಪಕ್ಕದಲ್ಲಿಟ್ಟರೆ ಸಾಕೆಂದು ಬದಲಿಗೆ ಬರುವವರಿಗೆ ಹೇಳಿಟ್ಟಿದ್ದೇವೆ.